ಓಟದ ಡೈರಿ

ಆಗಸ್ಟ್ ಬಂತೆಂದರೆ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟಗಳ ಗದ್ದಲ. ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ. ಡ್ರಿಲ್ ಮೇಷ್ಟ್ರ ಸೀಟಿಗೆ ಎಲ್ಲಿಲ್ಲದ ಬೆಲೆ ಬರುತ್ತದೆ. ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹೋಬಳಿಗಳಾಗಲಿ, ದೃಶ್ಯ ಹೆಚ್ಚುಕಡಿಮೆ ಒಂದೇ. 1,500 ಮೀಟರ್ ಓಟಕ್ಕೆ ಇಪ್ಪತ್ತು ಹುಡುಗರು ಸಾಲಾಗಿ ನಿಲ್ಲುತ್ತಾರೆ. ಮುಂದೆ ಬಂದವರ ಹೆಸರನ್ನು ಮೇಷ್ಟ್ರು ಬರೆದುಕೊಳ್ಳುತ್ತಾರೆ. ಅವರು ತಾಲ್ಲೂಕಿಗೆ ಹೋಗುತ್ತಾರೆ. ಹದಿನಾರನೆಯವನೋ ಹದಿನೇಳನೆಯವನೋ ಓಡಿ ಮುಗಿಸುವ ಹೊತ್ತಿಗೆ ಗೆರೆಯ ಹತ್ತಿರ ಯಾರೂ ಇರುವುದಿಲ್ಲ, ಎಲ್ಲರೂ ಉದ್ದಜಿಗಿತ ನೋಡಲು ಹೋಗಿರುತ್ತಾರೆ. ಅವನು ಎಷ್ಟು ಹೊತ್ತಿನಲ್ಲಿ ಓಡಿದ ಎಂಬುದು ಅವನಿಗೂ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಅವನ ಪಾಲಿಗೆ ಓಟದ ಅಧ್ಯಾಯ ಅಲ್ಲಿಗೆ ಮುಗಿಯಿತು. ಗೆದ್ದವನದೂ ಬಹಳ ದಿನ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ‘ಇನ್ನು ಆಟ ಸಾಕು, ಓದು’ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ.

ನಮ್ಮ ಕಡೆ ಇನ್ನೊಂದು ಬಗೆಯ ಓಟವೂ ಉಂಟು. ಬೆಳಗಿನ ಜಾವ ರಸ್ತೆಯಂಚಿನಲ್ಲಿ ಏದುಸಿರು ಬಿಡುತ್ತಾ ಓಡುವ ಯುವಕರದು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಸೈನ್ಯದ ಭರ್ತಿಯಲ್ಲಿ ಒಳ್ಳೆಯ ಅಂಕ ಬೇಕಿದ್ದರೆ ಇನ್ನೂ ಬೇಗ. ಈ ಓಟಕ್ಕೆ ಗುರಿ ಇದೆ, ಗಡುವೂ ಇದೆ. ಪರೀಕ್ಷೆಯ ದಿನ ಕಳೆದ ಮೇಲೆ, ಪಾಸಾಗಲಿ ಫೇಲಾಗಲಿ, ಬೂಟು ಮೂಲೆ ಸೇರುವುದೇ ಹೆಚ್ಚು.

ಪದಕದ ಓಟ ಒಂದು, ನೌಕರಿಯ ಓಟ ಒಂದು. ಮೂರನೆಯದೊಂದಿದೆ, ಅದರ ಬಗ್ಗೆ ಹಳ್ಳಿಯ ಶಾಲೆಗಳಲ್ಲಿ ಮಾತಾಡುವವರು ಕಡಿಮೆ. ಗೆಲ್ಲುವ ಆಸೆಯಿಲ್ಲದೆ, ಕೆಲಸ ಸಿಕ್ಕೀತೆಂಬ ಲೆಕ್ಕವಿಲ್ಲದೆ, ಓಡುವುದು ಇಷ್ಟವೆಂದು ಓಡುವವರ ಓಟ. ಹೀಗೆ ಓಡುವವರಲ್ಲಿ ಒಂದು ಒಳ್ಳೆಯ ಅಭ್ಯಾಸವಿದೆ. ಅವರು ತಮ್ಮ ಓಟದ ಲೆಕ್ಕವನ್ನು ಬರೆದಿಡುತ್ತಾರೆ, ಅದನ್ನು ಪರಸ್ಪರ ಹೇಳಿಕೊಳ್ಳುತ್ತಾರೆ. ಚೆನ್ನಾಗಿ ಓಡಿದ್ದನ್ನು ಮಾತ್ರವಲ್ಲ, ಕಾಲುನೋವು ಬಂದು ಅರ್ಧ ದಾರಿಯಿಂದ ಕುಂಟುತ್ತಾ ವಾಪಸಾದದ್ದನ್ನೂ. ಅಂಕಪಟ್ಟಿ ಚೆನ್ನಾಗಿದ್ದರೆ ಊರಿಗೆಲ್ಲ ತೋರಿಸಿ, ಚೆನ್ನಾಗಿಲ್ಲದಿದ್ದರೆ ಚೀಲದ ಅಡಿಯಲ್ಲಿ ಬಚ್ಚಿಡುವ ನಮ್ಮ ಮಕ್ಕಳಿಗೆ ಈ ಅಭ್ಯಾಸ ಓಟಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದೀತೆಂದು ನನಗೆ ಅನ್ನಿಸುತ್ತದೆ.

ಕೋಲಾರದಿಂದ ಟೋಕಿಯೊಗೆ

ಈ ನೆಲ ಓಟಗಾರರಿಗೆ ಹೊಸದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಓಡಿದ ಕೆನೆತ್ ಪೊವೆಲ್ 1940ರಲ್ಲಿ ಹುಟ್ಟಿದ್ದು ಕೋಲಾರದಲ್ಲಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಾ ಓಡಿದ ಅವರಿಗೆ 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ರಿಲೇ ತಂಡದಲ್ಲಿ ಅವರಿದ್ದರು. 2022ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಕೋಲಾರದ ಎಷ್ಟು ಶಾಲೆಗಳಲ್ಲಿ ಆ ಹೆಸರು ಕೇಳಿಬಂತೋ!

ಇನ್ನೂ ಹಿಂದಕ್ಕೆ ಹೋದರೆ ಬೆಳಗಾವಿ ಕಡೆಯ ಫಡೆಪ್ಪ ಚೌಗುಲೆ ಸಿಗುತ್ತಾರೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ರೈತಾಪಿ ಹುಡುಗರನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡ ಹೊರಡುವಂತೆ ಮಾಡಿದರು. ಅಲ್ಲಿ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾದರು. ಆ ವರ್ಷದ ಮ್ಯಾರಥಾನ್ ದೂರ 42.75 ಕಿ.ಮೀ., ಅವರು ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಗಣಿತ ಇಷ್ಟವಿರುವ ಮಕ್ಕಳು ಭಾಗಿಸಿ ನೋಡಲಿ: ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕೂ ಒಂದು ಕೂದಲೆಳೆ ಕಡಿಮೆ. ಇಂದಿನ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ 1,600 ಮೀಟರಿಗೆ ಬೇಕಾದ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷ ನಾಲ್ಕು ಸೆಕೆಂಡು. ನಮ್ಮ ಹುಡುಗರು ಒಂದೂಮುಕ್ಕಾಲು ಕಿಲೋಮೀಟರು ಕೂಡ ಇಲ್ಲದ ದೂರಕ್ಕೆ ಹಲ್ಲು ಕಚ್ಚಿ ಹಿಡಿಯುವ ವೇಗವನ್ನು ಆ ಪುಣ್ಯಾತ್ಮ ಸುಮಾರು ಮೂರು ಗಂಟೆ ಹಿಡಿದುಕೊಂಡಿದ್ದರು. ಆದರೂ 19ನೆಯ ಸ್ಥಾನ. ಅವರ ಸಮಯವನ್ನು ಯಾರೋ ಬರೆದಿಟ್ಟಿದ್ದರಿಂದ ನೂರು ವರ್ಷದ ಮೇಲೆ ನಾವು ಈ ಲೆಕ್ಕ ಹಾಕಲು ಸಾಧ್ಯವಾಯಿತು.

ಮಾತಾಡುತ್ತಾ ಓಡುವವರು

ಸಾಮಾನ್ಯ ಜನರೂ ನಿಧಾನವಾಗಿ ಓಡಬಹುದು ಎಂಬ ವಿಚಾರಕ್ಕೆ ಅಂಥ ವಯಸ್ಸೇನೂ ಆಗಿಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಪದಕ ಗೆದ್ದವರ ತರಬೇತುದಾರ. 1962ರ ಸುಮಾರಿಗೆ ಆಕ್ಲೆಂಡಿನಲ್ಲಿ ಮಧ್ಯವಯಸ್ಸಿನವರನ್ನು, ಹೃದಯಾಘಾತವಾಗಿ ಚೇತರಿಸಿಕೊಂಡವರನ್ನೂ ಕೂಡಿಸಿಕೊಂಡು ಓಡಿಸತೊಡಗಿದರು. ಮಾತಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಿ ಎಂಬುದು ಅವರ ಪಾಠ. ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಅವರನ್ನೂ ಓಟಕ್ಕೆ ಕರೆದರು. ಐವತ್ತರ ಆಸುಪಾಸಿನ ಬೋವರ್‌ಮನ್ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿ ಹಿಂದೆ ಬಿದ್ದರು. ಅವರ ಜೊತೆಗೆ ನಿಂತು ನಿಧಾನವಾಗಿ ಕರೆದುಕೊಂಡು ಹೋದದ್ದು ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಹಿರಿಯ! ದೊಡ್ಡ ದೊಡ್ಡ ಓಟಗಾರರನ್ನು ತಯಾರು ಮಾಡಿದ ಬೋವರ್‌ಮನ್ ಈ ಮುಖಭಂಗವನ್ನು ಮುಚ್ಚಿಡಲಿಲ್ಲ. ಊರಿಗೆ ಹಿಂದಿರುಗಿ ಜನರನ್ನು ಸೇರಿಸಿ ಓಡಿಸಿದರು. 1967ರಲ್ಲಿ ಒಬ್ಬ ಹೃದ್ರೋಗ ವೈದ್ಯರ ಜೊತೆ ಸೇರಿ ‘ಜಾಗಿಂಗ್’ ಎಂಬ ಪುಸ್ತಕ ಬರೆದರು. ನಮ್ಮ ಪಾರ್ಕುಗಳಲ್ಲಿ ಇಂದು ಎಲ್ಲರ ಬಾಯಲ್ಲಿರುವ ಆ ಪದ ಜನಪ್ರಿಯವಾದದ್ದು ಹೀಗೆ.

ಬೆಂಗಳೂರಿಗೆ ಈ ಗಾಳಿ ಜೋರಾಗಿ ಬೀಸಿದ್ದು 2000ದ ದಶಕದಲ್ಲಿ. ಕಬ್ಬನ್ ಪಾರ್ಕಿನಲ್ಲಿ, ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಗುಂಪು ಗುಂಪಾಗಿ ಓಡುವವರು ಕಾಣತೊಡಗಿದರು. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟು ಪಕ್ಷಿಧಾಮದ ಬಳಿಯಿಂದ ಕಾಲುವೆ ದಂಡೆಯ ಮಣ್ಣಿನ ದಾರಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ಶುರುವಾಯಿತು. 2008ರ ಮೇ ತಿಂಗಳಲ್ಲಿ ಹತ್ತು ಕಿಲೋಮೀಟರಿನ ‘ವರ್ಲ್ಡ್ 10ಕೆ’ ಮೊದಲ ಸಲ ನಡೆಯಿತು. ಇಥಿಯೋಪಿಯ, ಕೆನ್ಯಾ ದೇಶದ ಓಟಗಾರರು ಮುಂದೆ ಹಾರಿಹೋದರೆ, ಅದೇ ರಸ್ತೆಯಲ್ಲಿ ಬ್ಯಾಂಕ್ ಗುಮಾಸ್ತರು, ಗೃಹಿಣಿಯರು, ನಿವೃತ್ತರು ತಮ್ಮ ಪಾಡಿಗೆ ತಾವು ಓಡುತ್ತಾರೆ. ಅವರಿಗೆ ಗೆಲ್ಲುವ ಪ್ರಶ್ನೆಯೇ ಇಲ್ಲ. ಹೋದ ವರ್ಷ 78 ನಿಮಿಷ, ಈ ವರ್ಷ 74 ನಿಮಿಷ. ಸಂಭ್ರಮಕ್ಕೆ ಅಷ್ಟು ಸಾಕು. ಓಟ ಮುಗಿದ ಮೇಲೆ ಹೋಟೆಲಿನಲ್ಲಿ ಇಡ್ಲಿ ಕಾಫಿ. ಅಲ್ಲಿ ನಡೆಯುವ ಮಾತು ಕೇಳಬೇಕು. ಒಬ್ಬರಿಗೆ ಮೀನಖಂಡ ಹಿಡಿದ ಕಥೆ, ಇನ್ನೊಬ್ಬರಿಗೆ ಎಂಟನೆಯ ಕಿಲೋಮೀಟರಿನಲ್ಲಿ ವಾಂತಿಯಾದ ಕಥೆ. ಮನೆಯಲ್ಲಿ, ಆಫೀಸಿನಲ್ಲಿ ಸೋತದ್ದನ್ನು ಯಾರ ಮುಂದೂ ಹೇಳದ ಜನ ಇಲ್ಲಿ ಧಾರಾಳವಾಗಿ ಹೇಳಿಕೊಳ್ಳುತ್ತಾರೆ.

ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರ ಅಕ್ಟೋಬರ್ 2ರಂದು ಹದಿಮೂರೇ ಮಂದಿ ಐದು ಕಿಲೋಮೀಟರು ಓಡಿದರು. ಅದನ್ನು ಏರ್ಪಡಿಸಿದ ಪಾಲ್ ಸಿಂಟನ್-ಹ್ಯೂಯಿಟ್ ತಾವೇ ಓಡಲಿಲ್ಲ. ಗಾಯವಾಗಿ ಓಟ ನಿಂತಿತ್ತು. ಓಡಲಾಗದಿದ್ದರೂ ಓಡುವ ಗೆಳೆಯರ ಒಡನಾಟ ತಪ್ಪಬಾರದೆಂದು ಗಡಿಯಾರ ಹಿಡಿದು ನಿಂತರು. ‘ಪಾರ್ಕ್‌ರನ್’ ಎಂಬ ಆ ಶನಿವಾರದ ಓಟ ಈಗ ಹತ್ತಾರು ದೇಶಗಳಲ್ಲಿ ನಡೆಯುತ್ತದೆ. ಪ್ರವೇಶ ಶುಲ್ಕವಿಲ್ಲ. ನೋಂದಾಯಿಸಿಕೊಂಡು ಬಂದರೆ ಕೊನೆಯವರ ಸಮಯವನ್ನೂ ಬರೆದುಕೊಳ್ಳುತ್ತಾರೆ. ಎಲ್ಲರ ಹಿಂದೆ ನಡೆದು ಬರಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾನೆ. ಹೀಗಾಗಿ ಓಡಲು ಬಂದ ಯಾರಿಗೂ ತಾನೇ ಕೊನೆಯವನೆಂಬ ಅಳುಕಿಲ್ಲ. ನಮ್ಮ ಹೋಬಳಿ ಕ್ರೀಡಾಕೂಟಕ್ಕೆ ಇದನ್ನು ತರಲು ಹಣ ಬೇಕಿಲ್ಲ. ಒಬ್ಬ ಮೇಷ್ಟ್ರು, ಒಂದು ಪೆನ್ಸಿಲ್, ಕೊನೆಯ ಹುಡುಗ ಬರುವವರೆಗೆ ನಿಲ್ಲಿಸದ ಒಂದು ಗಡಿಯಾರ, ಇಷ್ಟು ಸಾಕು.

ಹಾಲಿನ ಡೈರಿ, ಓಟದ ಡೈರಿ

ಕೋಲಾರದ ಹಳ್ಳಿಗಳಲ್ಲಿ ‘ಡೈರಿ’ ಎಂದರೆ ಹಾಲಿನ ಡೈರಿಯೇ. ಬೆಳಿಗ್ಗೆ ಕ್ಯಾನು ಹಿಡಿದು ಹೋದರೆ ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂದು ಅಳೆದು ಬರೆಯುತ್ತಾರೆ. ಹಸು ಒಂದು ದಿನ ಕಡಿಮೆ ಕೊಟ್ಟರೆ ಕಡಿಮೆ ಎಂದೇ ಬರೆಯುತ್ತಾರೆ. ನಾಚಿಕೆ ಎಂದು ಯಾರೂ ತಿದ್ದುವುದಿಲ್ಲ. ನಾಲ್ಕು ದಿನ ಸತತವಾಗಿ ಇಳಿದರೆ ಮನೆಯ ಯಜಮಾನಿಗೆ ಗೊತ್ತಾಗುತ್ತದೆ, ಮೇವಿನಲ್ಲೋ ಆರೋಗ್ಯದಲ್ಲೋ ಏನೋ ತೊಂದರೆಯಿದೆ ಎಂದು. ಓಟದ ಡೈರಿಯೂ ಹೀಗೇ ಇರಬೇಕು.

ಎರಡು ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ, ಎಷ್ಟು ದೂರ ಅಥವಾ ಎಷ್ಟು ನಿಮಿಷ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಮೈ ಹೇಗಿತ್ತು, ಎಲ್ಲಾದರೂ ನೋವಿತ್ತೇ, ಯಾರ ಜೊತೆ ಓಡಿದ್ದು. ಹಾಸಿಗೆಯಿಂದ ಏಳುವ ಮೊದಲು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಅದನ್ನೂ ಬರೆಯಬಹುದು. ತಿಂಗಳುಗಟ್ಟಲೆ ಓಡಿದರೆ ಈ ಸಂಖ್ಯೆ ಮೆಲ್ಲಗೆ ಇಳಿಯುತ್ತದೆ. ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ನೂಕಲು ಕಲಿತಿದೆ ಎಂದರ್ಥ. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಹತ್ತು ಬಡಿತ ಹೆಚ್ಚಿದ್ದರೆ ದಣಿವು ತೀರಿಲ್ಲ, ಇಲ್ಲವೇ ಜ್ವರ ಬರುವ ಸೂಚನೆ. ಅವತ್ತು ಓಡಬೇಡಿ. ಈಗ ಮೊಬೈಲು, ಕೈಗಡಿಯಾರಗಳೇ ಇದನ್ನೆಲ್ಲ ಅಳೆದು ಕೊಡುತ್ತವೆ, ನಿಜ. ಆದರೆ ‘ನಿನ್ನೆ ಅಪ್ಪನ ಜೊತೆ ಜಗಳ, ಕಾಲೇ ಏಳಲಿಲ್ಲ’ ಎಂದು ಕೈಗಡಿಯಾರ ಬರೆಯುವುದಿಲ್ಲ.

ಡೈರಿಯ ದೊಡ್ಡ ಉಪಕಾರ ಕಾಣುವುದು ನೋವು ಬಂದಾಗ. ಹೊಸದಾಗಿ ಓಡುವ ಹುಡುಗರಿಗೆ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಅಂಚಿನಲ್ಲಿ ನೋವು ಬರುವುದು ತೀರಾ ಸಾಮಾನ್ಯ. ನೋವು ಇವತ್ತು ಬಂದರೂ ಅದರ ಬೀಜ ಎರಡು ಮೂರು ವಾರ ಹಿಂದಿನ ಪುಟಗಳಲ್ಲಿರುತ್ತದೆ. ದಿನಕ್ಕೆ ಎರಡು ಕಿಲೋಮೀಟರು ಓಡುತ್ತಿದ್ದವನು ಹುಮ್ಮಸ್ಸಿನಲ್ಲಿ ಒಮ್ಮೆಲೇ ಐದಕ್ಕೆ ಹೋಗಿರುತ್ತಾನೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಎಲುಬು, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ‘ಓಡು’ ಎನ್ನುತ್ತದೆ, ಎಲುಬು ಸುಮ್ಮನೆ ಬಿರುಕು ಬಿಡುತ್ತದೆ. ನೋವು ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂತಿದ್ದರೆ, ರಾತ್ರಿ ಮಲಗಿದಾಗಲೂ ಇದ್ದರೆ, ಎಣ್ಣೆ ತಿಕ್ಕಿ ಓಡಿಸಬೇಡಿ. ಡಾಕ್ಟರಿಗೆ ತೋರಿಸಿ.

ರೋಜರ್ ಬ್ಯಾನಿಸ್ಟರ್ ಕಥೆ ಇಲ್ಲಿ ಹೇಳಬೇಕು, ಅದರಲ್ಲೂ ‘ಓದುವ ಹುಡುಗನಿಗೆ ಓಟ ಏಕೆ’ ಎನ್ನುವ ತಂದೆತಾಯಂದಿರಿಗೆ. ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ. ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದು ಮತ್ತೆ ಆಸ್ಪತ್ರೆಗೆ ಹೋಗುವವರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಇಡೀ ದೇಶ ಚಿನ್ನ ನಿರೀಕ್ಷಿಸಿದ್ದಾಗ 1,500 ಮೀಟರಿನಲ್ಲಿ ನಾಲ್ಕನೆಯವರಾದರು. ಓಟವನ್ನೇ ಬಿಡುವ ಯೋಚನೆ ಬಂತು, ಬಿಡಲಿಲ್ಲ. 1954ರಲ್ಲಿ ಕಾಲು ಮೈಲಿಯನ್ನು ಹತ್ತು ಸಲ, ನಡುನಡುವೆ ಬಿಡುವು ಕೊಟ್ಟು ಓಡುವ ಅಭ್ಯಾಸ ಮಾಡುತ್ತಿದ್ದರು. ಒಂದೊಂದು ಸುತ್ತು 66 ಸೆಕೆಂಡಿನಿಂದ ಇಳಿಯುತ್ತಾ 61ಕ್ಕೆ ಬಂದು ನಿಂತುಬಿಟ್ಟಿತು. ವಾರಗಟ್ಟಲೆ ಹೆಣಗಿದರೂ 60 ದಾಟಲಿಲ್ಲ. ನಮ್ಮಲ್ಲಾದರೆ ‘ಇನ್ನೂ ಎರಡು ಗಂಟೆ ಹೆಚ್ಚು ಮಾಡು’ ಎನ್ನುತ್ತಿದ್ದರು. ಬ್ಯಾನಿಸ್ಟರ್ ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಓಟ ಬಿಟ್ಟು ಸ್ಕಾಟ್ಲೆಂಡಿನ ಬೆಟ್ಟ ಹತ್ತಲು ಹೋದರು. ಹಿಂದಿರುಗಿ ಬಂದು ಓಡಿದರೆ 59! ಆ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗೋಡೆ ಒಡೆದ ಮೊದಲಿಗರಾದರು. ಮುಂದೆ ನರರೋಗ ತಜ್ಞರಾಗಿ ಹೆಸರು ಮಾಡಿದರು. ಓಡಿದ್ದರಿಂದ ಡಾಕ್ಟರಾದರು ಎಂದು ನಾನು ಹೇಳುತ್ತಿಲ್ಲ. ಓಡಿದ್ದಕ್ಕೆ ಡಾಕ್ಟರಿಕೆ ತಪ್ಪಲಿಲ್ಲ, ಅಷ್ಟೆ.

ಅಪ್ಪಂದಿರಿಗೆ ಬೇರೊಂದು ಕಥೆಯಿದೆ. ಅಮೆರಿಕದ ಜಿಮ್ ಫಿಕ್ಸ್ ಮೂವತ್ತೈದರ ವಯಸ್ಸಿನಲ್ಲಿ ಓಡಲು ಶುರು ಮಾಡಿ, ಸಿಗರೇಟು ಬಿಟ್ಟು, ಮೈ ಇಳಿಸಿ, 1977ರಲ್ಲಿ ಓಟದ ಬಗ್ಗೆ ಬರೆದ ಪುಸ್ತಕ ಲಕ್ಷಾಂತರ ಪ್ರತಿ ಮಾರಾಟವಾಯಿತು. 1984ರಲ್ಲಿ, 52ನೆಯ ವಯಸ್ಸಿನಲ್ಲಿ, ಓಡುವಾಗಲೇ ಹೃದಯಾಘಾತದಿಂದ ಸತ್ತರು. ಅವರ ತಂದೆ 43ಕ್ಕೇ ಹೃದ್ರೋಗದಿಂದ ತೀರಿಕೊಂಡಿದ್ದರು. ಮಗನ ಜೊತೆ ತಾವೂ ಓಡಲು ಹೊರಡುವ ಅಪ್ಪಂದಿರು, ಮನೆತನದಲ್ಲಿ ಹೃದಯದ ಕಾಯಿಲೆಯಿದ್ದರೆ, ಬಿ.ಪಿ., ಸಕ್ಕರೆ ಇದ್ದರೆ, ಮೊದಲು ಪರೀಕ್ಷೆ ಮಾಡಿಸಿಕೊಳ್ಳಲಿ. ಓಡುವಾಗ ಎದೆ ಹಿಡಿದಂತಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವುದು ಬೇಡ.

ಹುಡುಗಿಯರ ದಾರಿ

ಇಷ್ಟು ಹೊತ್ತು ‘ಹುಡುಗ, ಹುಡುಗ’ ಎಂದೇ ಬರೆದೆ. ಹಳ್ಳಿಯ ರಸ್ತೆಯಲ್ಲಿ ಬೆಳಿಗ್ಗೆ ಕಾಣುವವರೂ ಹೆಚ್ಚಾಗಿ ಅವರೇ. ಹೋಬಳಿ ಕ್ರೀಡಾಕೂಟದಲ್ಲಿ ಮಿಂಚಿನಂತೆ ಓಡಿದ ಏಳನೆಯ ತರಗತಿಯ ಹುಡುಗಿ ಎರಡು ವರ್ಷ ಕಳೆದರೆ ಎಲ್ಲಿ? ಬೆಳಿಗ್ಗೆ ಕಸ ಗುಡಿಸಿ, ನೀರು ಹಿಡಿದು, ತಂಗಿಗೆ ಜಡೆ ಹಾಕಿ ಬಸ್ಸಿಗೆ ಓಡುವುದೇ ಅವಳ ಓಟ. ‘ದೊಡ್ಡವಳಾದಳು, ಇನ್ನು ರಸ್ತೆಯಲ್ಲಿ ಓಡಿದರೆ ನೋಡಿದವರು ಏನಂದಾರು’ ಎಂಬುದು ಅಜ್ಜಿಯ ಮಾತು.

ಇದು ನಮ್ಮ ಅಜ್ಜಿಯರೊಬ್ಬರದೇ ಮಾತಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದು ಕೂತದ್ದನ್ನೇ ಪತ್ರಿಕೆಗಳು ದೊಡ್ಡದು ಮಾಡಿದವು. ಅಷ್ಟಕ್ಕೇ 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಯೇ ಇರಲಿಲ್ಲ. 1967ರಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಓಡುತ್ತಿದ್ದ ವಿದ್ಯಾರ್ಥಿನಿ ಕ್ಯಾಥರೀನ್ ಸ್ವಿಟ್ಜರ್‌ರನ್ನು ಓಟದ ಅಧಿಕಾರಿಯೊಬ್ಬರು ನಡುರಸ್ತೆಯಲ್ಲೇ ಹಿಡಿದೆಳೆದು ಹೊರಹಾಕಲು ನೋಡಿದರು. ಆಕೆ ನಿಲ್ಲದೆ ಓಡಿ ಮುಗಿಸಿದರು. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ಅಂದರೆ ಇವತ್ತಿನ ಹೈಸ್ಕೂಲು ಹುಡುಗಿಯ ಅಜ್ಜಿಯ ಯೌವನದಲ್ಲಿ ಅಮೆರಿಕದ ದೊಡ್ಡವರೂ ಹೀಗೇ ಮಾತಾಡುತ್ತಿದ್ದರು.

ಉಪದೇಶದಿಂದ ಇದು ಸರಿಹೋಗುವುದಿಲ್ಲ, ಏರ್ಪಾಟಿನಿಂದ ಸರಿಹೋಗಬಹುದು. ಒಬ್ಬಳೇ ಓಡುವುದು ಕಷ್ಟ. ನಾಲ್ವರು ಒಟ್ಟಿಗೆ ಓಡಿದರೆ ನೋಡುವವರೇ ಕಣ್ಣು ತಗ್ಗಿಸುತ್ತಾರೆ. ಜಾಗ ಶಾಲೆಯ ಮೈದಾನವೇ ಆಗಲಿ, ಹೊತ್ತು ಶಾಲೆಗೆ ಮುಂಚಿನ ಅರ್ಧ ಗಂಟೆ. ಒಬ್ಬರ ಅಮ್ಮನೋ ಅಕ್ಕನೋ ಅಲ್ಲೇ ನಡೆದಾಡಿಕೊಂಡಿದ್ದರೆ ಅವರಿಗೂ ಒಳ್ಳೆಯದು. ಓಟಕ್ಕೆ ಚೂಡಿದಾರವೂ ನಡೆಯುತ್ತದೆ, ವೇಲ್ ಮಾತ್ರ ಬಿಟ್ಟು ಬನ್ನಿ. ಸರಿಯಾದ ಒಳ ಉಡುಪು ಕೊಡಿಸಬೇಕು. ಇದನ್ನು ಹೇಳಲು ಅಮ್ಮಂದಿರು ಸಂಕೋಚಪಡಬಾರದು. ಮುಟ್ಟಿನ ದಿನಗಳಲ್ಲಿ ಮೈ ಒಪ್ಪಿದರೆ ಓಡಬಹುದು, ಒಪ್ಪದಿದ್ದರೆ ಬಿಡಬಹುದು. ಡೈರಿಯಲ್ಲಿ ಒಂದು ಗುರುತು ಹಾಕಿದರಾಯಿತು. ಅದು ನಾಲ್ಕು ತಿಂಗಳು ಬಾರದೆ ಹೋದರೆ ಆ ಗುರುತೇ ಹೇಳುತ್ತದೆ: ಓಟಕ್ಕೆ ತಕ್ಕಷ್ಟು ಊಟವಿಲ್ಲ, ಇಲ್ಲವೇ ಬೇರೇನೋ ತೊಂದರೆಯಿದೆ ಎಂದು. ಎರಡು ಸುತ್ತಿಗೇ ಕಣ್ಣು ಕತ್ತಲೆ ಬಂದರೆ ಅದು ಸೋಮಾರಿತನವಲ್ಲ, ರಕ್ತಹೀನತೆ ಇರಬಹುದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುವ ಹುಡುಗಿಯರು ಇದನ್ನು ಓದಿಕೊಳ್ಳಲಿ.

ಎಲ್ಲಿ, ಯಾವಾಗ, ಎಷ್ಟು

ಊರಿನ ಹತ್ತಿರದ ಮಣ್ಣಿನ ದಾರಿಗಿಂತ ಒಳ್ಳೆಯ ಓಟದ ಜಾಗ ಬೆಂಗಳೂರಿನವರಿಗೂ ಸಿಕ್ಕಿಲ್ಲ. ಅದಕ್ಕಾಗಿಯೇ ಅವರು ಹಣ ಕೊಟ್ಟು ಶ್ರೀರಂಗಪಟ್ಟಣಕ್ಕೆ ಹೋಗುತ್ತಾರೆ. ಮಾವಿನ ತೋಪಿನ ನಡುವಿನ ದಾರಿ, ಹಿಪ್ಪುನೇರಳೆ ತೋಟದ ಬದಿ, ಕೆರೆಯ ಏರಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಹರಿದು ಬಂದು ಒಣಗಿದ್ದ ಅನೇಕ ಕೆರೆಗಳಲ್ಲಿ ನೀರು ನಿಂತಿದೆ, ಏರಿಯ ಮೇಲೆ ತಂಪು ಗಾಳಿ ಇದೆ. ಇಕ್ಕಟ್ಟಾದ ಏರಿಯ ಮೇಲೆ ಕತ್ತಲಲ್ಲಿ ಓಡುವುದು ಮಾತ್ರ ಬೇಡ. ನಾಯಿ ಬೆನ್ನು ಹತ್ತಿದರೆ ಓಟ ನಿಲ್ಲಿಸಿ ನಡೆಯಿರಿ.

ಹೆದ್ದಾರಿಯ ಆಸೆ ಬಿಡಿ. ಕೋಲಾರ, ನರಸಾಪುರ, ಮುಳಬಾಗಿಲಿನ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 75 ನುಣುಪಾಗಿರುವುದು ಲಾರಿಗಳಿಗಾಗಿ. ಎಂಬತ್ತೊಂಬತ್ತನೆಯ ವಯಸ್ಸಿಗೆ ಮ್ಯಾರಥಾನ್ ಓಡಲಾರಂಭಿಸಿ ಜಗತ್ತಿಗೇ ಹೆಸರಾದ ಫೌಜಾ ಸಿಂಗ್ 2025ರ ಜುಲೈಯಲ್ಲಿ, 114ರ ವಯಸ್ಸಿನಲ್ಲಿ, ಪಂಜಾಬಿನ ತಮ್ಮ ಹಳ್ಳಿಯ ಹತ್ತಿರ ರಸ್ತೆಯಲ್ಲಿ ವಾಹನ ಬಡಿದು ಪ್ರಾಣ ಬಿಟ್ಟರು. ಅನಿವಾರ್ಯವಾಗಿ ರಸ್ತೆಯಲ್ಲೇ ಓಡಬೇಕಾದರೆ ವಾಹನಗಳಿಗೆ ಎದುರಾಗಿ, ಬಲಬದಿಯಲ್ಲಿ ಓಡಿ. ಬಿಳಿ ಅಂಗಿ ಹಾಕಿ. ಕಿವಿಯಲ್ಲಿ ಹಾಡು ಬೇಡ.

ಮೊದಲ ತಿಂಗಳು ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಪಕ್ಕದವನ ಜೊತೆ ಮಾತಾಡಲು ಆಗದಿದ್ದರೆ ಜೋರಾಯಿತು ಎಂದು ತಿಳಿಯಿರಿ. ನಡಿಗೆಯನ್ನು ಮೆಲ್ಲಗೆ ಕಡಿಮೆ ಮಾಡಿ. ಬೂಟು ದುಬಾರಿಯದಾಗಬೇಕಿಲ್ಲ, ಕಾಲಿಗೆ ಸರಿಯಾಗಿದ್ದರಾಯಿತು. ಬರಿಗಾಲಿನ ಅಭ್ಯಾಸವಿರುವವರು ಮುಳ್ಳು ಗಾಜಿಲ್ಲದ ಮೈದಾನದಲ್ಲಿ ಹಾಗೇ ಓಡಬಹುದು. ಪುಡಿ ಡಬ್ಬಿಗಳ ಜಾಹೀರಾತಿಗೆ ಮರುಳಾಗಬೇಡಿ. ಮುದ್ದೆ, ಹುರುಳಿ ಸಾರು, ಕಡಲೆಕಾಯಿ, ಮೊಟ್ಟೆ, ಹಾಲು ಇರುವ ಜಿಲ್ಲೆ ಇದು. ಮಾರ್ಚಿನಿಂದ ಮೇವರೆಗೆ ಏಳು ಗಂಟೆಯೊಳಗೆ ಮುಗಿಸಿ.

ಆ ಮಾರ್ಚಿನಲ್ಲೇ ಪರೀಕ್ಷೆ. ಆಗ ಓಟವನ್ನು ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸುವುದು ಬೇಡ. ರಾತ್ರಿ ಹನ್ನೊಂದರವರೆಗೆ ಓದಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓಡಿದರೆ ಓಟವೂ ಇಲ್ಲ, ಓದೂ ಇಲ್ಲ; ನಿದ್ದೆಯನ್ನು ಕದ್ದು ಓಡಬೇಡಿ. ಸಂಜೆ ಹದಿನೈದು ನಿಮಿಷ, ಗೆಳೆಯನ ಜೊತೆ, ಪಾಠದ ಮಾತಾಡದೆ. ಡೈರಿಯನ್ನು ಮಾತ್ರ ಬಿಡಬೇಡಿ. ‘ಓಡಲಿಲ್ಲ. ನಾಳೆ ಗಣಿತ. ಭಯವಾಗುತ್ತಿದೆ’ ಎಂಬ ಒಂದು ಸಾಲು ಕೂಡ ಲೆಕ್ಕಕ್ಕೆ ಬರುತ್ತದೆ. ಅದನ್ನು ಅಪ್ಪನಿಗೋ ಅಕ್ಕನಿಗೋ ಗೆಳೆಯನಿಗೋ, ಯಾರಾದರೊಬ್ಬರಿಗೆ ತೋರಿಸಿ ಮಲಗಿ.